ಕೀಲು ಬದಲಿ ಆಪರೇಷನ್‌ಗೆ ಮುಂಚೆ ಸೋಡಿಯಂ ಕಡಿಮೆ ಬಂದರೆ ಏನು ಮಾಡಬೇಕು, ಯಾವುದಾದ ಮೇಲೆ ಯಾವುದು

ಮಂಡಿಯದೋ ಸೊಂಟದ್ದೋ ಕೀಲು ಬದಲಿಸಲು ದಿನ ಗೊತ್ತಾಗಿರುತ್ತದೆ. ಇನ್ನೆರಡು ದಿನ ಇದೆ ಅನ್ನುವಾಗ ರಕ್ತಪರೀಕ್ಷೆ ಆಗುತ್ತದೆ. ರಿಪೋರ್ಟಿನಲ್ಲಿ ಸೋಡಿಯಂ 127. ಮನೆಯವರು ಗಾಬರಿಯಾಗಿ ಊಟಕ್ಕೆ ಉಪ್ಪು ಜಾಸ್ತಿ ಹಾಕುತ್ತಾರೆ, ಎಲ್ಲಾದರೂ ಹೋಗಿ ಒಂದು ಬಾಟಲಿ ಸಲೈನ್ ಹಾಕಿಸಿಕೊಂಡು ಬರುತ್ತಾರೆ, ಮಾರನೇ ದಿನ ಮತ್ತೆ ರಕ್ತ ಕೊಡುತ್ತಾರೆ. ಸಂಖ್ಯೆ ಇದ್ದಲ್ಲೇ ಇರುತ್ತದೆ. ಕೆಲವರಿಗೆ ಇನ್ನೂ ಇಳಿದಿರುತ್ತದೆ. ಅರಿವಳಿಕೆ ವೈದ್ಯರು ಈಗ ಬೇಡ ಅನ್ನುತ್ತಾರೆ, ಆಪರೇಷನ್ ಮುಂದಕ್ಕೆ ಹೋಗುತ್ತದೆ.

ಇಲ್ಲಿ ಯಾರೂ ಅಸಡ್ಡೆ ಮಾಡಿರುವುದಿಲ್ಲ. ಕೆಲಸದ ಕ್ರಮ ತಪ್ಪಿರುತ್ತದೆ ಅಷ್ಟೇ. ಸೋಡಿಯಂ ಯಾಕೆ ಇಳಿಯಿತು ಅಂತ ತಿಳಿಯುವ ಮೊದಲೇ ಅದನ್ನು ಏರಿಸಲು ಹೊರಡುತ್ತೇವೆ.

ಒಂದು ವಿಷಯ ಮನಸ್ಸಿನಲ್ಲಿರಲಿ. ರಕ್ತದಲ್ಲಿ ಸೋಡಿಯಂ ಕಡಿಮೆ ಅಂದರೆ ಮೈಯಲ್ಲಿ ಉಪ್ಪು ಕಡಿಮೆ ಅಂತಲೇ ಅಲ್ಲ. ಒಂದು ಲೋಟ ಉಪ್ಪುನೀರಿಗೆ ಇನ್ನೊಂದು ಲೋಟ ಸಾದಾ ನೀರು ಸುರಿದರೆ ಉಪ್ಪು ಎಲ್ಲಿಗೂ ಹೋಗಿರುವುದಿಲ್ಲ, ತೆಳುವಾಗಿರುತ್ತದೆ. ತುಂಬಾ ಜನರಲ್ಲಿ ಆಗಿರುವುದು ಇದೇ. ಮೈಯಲ್ಲಿ ನೀರು ಹೆಚ್ಚಾಗಿ ನಿಂತಿದೆ. ಯಾಕೆ ನಿಂತಿದೆ ಅನ್ನುವುದನ್ನು ಹುಡುಕಬೇಕು.

ಈ ಬರಹ ಮೊದಲೇ ದಿನ ಗೊತ್ತು ಮಾಡಿದ ಆಪರೇಷನ್‌ಗಳ ಬಗ್ಗೆ. ಬಿದ್ದು ಸೊಂಟದ ಮೂಳೆ ಮುರಿದವರ ಲೆಕ್ಕವೇ ಬೇರೆ. ಅಲ್ಲಿ ತಡವಾದಷ್ಟೂ ತೊಂದರೆ ಜಾಸ್ತಿ, ಹಾಗಾಗಿ ಸೋಡಿಯಂ ನೋಡಿಕೊಳ್ಳುತ್ತಲೇ ಬೇಗ ಆಪರೇಷನ್ ಮಾಡುತ್ತಾರೆ. ಇನ್ನು ಔಷಧ ಏನು, ಎಷ್ಟು ಅನ್ನುವುದು ವೈದ್ಯರ ಕೆಲಸ. ಸರಿಯಾದ ಸಮಯಕ್ಕೆ ಪರೀಕ್ಷೆ ಮಾಡಿಸುವುದು, ಪೂರ್ತಿ ಮಾಹಿತಿ ಒದಗಿಸುವುದು, ಲಕ್ಷಣ ಗಮನಿಸುವುದು ಮನೆಯವರ ಕೈಯಲ್ಲಿದೆ. ಅಷ್ಟು ಮಾಡಿದರೂ ಅರ್ಧ ತೊಡಕು ಬಿಡಿಸಿದ ಹಾಗೆ.

## ಮೊದಲು ಇದನ್ನು ಓದಿ: ಕಾಯಬಾರದ ಲಕ್ಷಣಗಳು

ಫಿಟ್ಸ್ ಬಂದರೆ, ಎಬ್ಬಿಸಿದರೂ ಸರಿಯಾಗಿ ಎಚ್ಚರಗೊಳ್ಳದಿದ್ದರೆ, ಮಾತು ತೊದಲಿದರೆ, ಎಲ್ಲಿದ್ದೇನೆ ಅನ್ನುವುದೇ ತಿಳಿಯದಷ್ಟು ಗೊಂದಲವಾದರೆ, ತಲೆನೋವಿನ ಜೊತೆ ಮತ್ತೆ ಮತ್ತೆ ವಾಂತಿಯಾದರೆ ತಕ್ಷಣ ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ. ಕೆಳಗಿನ ಯಾವ ಹಂತಕ್ಕೂ ಕಾಯಬೇಡಿ. ಸೋಡಿಯಂ ಬೇಗ ಇಳಿದಾಗ ಮಿದುಳಿನ ಜೀವಕೋಶಗಳೊಳಗೆ ನೀರು ಸೇರಿ ಮಿದುಳು ಊದಿಕೊಳ್ಳುತ್ತದೆ. ಅದಕ್ಕೆ ಆಸ್ಪತ್ರೆಯಲ್ಲಿ ಮಾಮೂಲಿಗಿಂತ ಗಾಢವಾದ 3 ಪರ್ಸೆಂಟ್ ಸಲೈನನ್ನು ಸ್ವಲ್ಪ ಸ್ವಲ್ಪವಾಗಿ, ಪಕ್ಕದಲ್ಲೇ ನಿಂತು ನೋಡಿಕೊಳ್ಳುತ್ತಾ ಕೊಡುತ್ತಾರೆ. ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ.

## ಕೈಯಲ್ಲಿ ಇರಬೇಕಾದ್ದು

ಹಳೆಯ ರಕ್ತಪರೀಕ್ಷೆ ರಿಪೋರ್ಟುಗಳು, ಸಾಧ್ಯವಾದರೆ ಒಂದೆರಡು ವರ್ಷದ್ದು. ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳು. ಕಳೆದ ಮೂರು ತಿಂಗಳಲ್ಲಿ ನಿಲ್ಲಿಸಿದ ಮಾತ್ರೆಗಳ ಹೆಸರು. ಗೆರೆ ಹಾಕಿದ ಒಂದು ಅಳತೆ ಲೋಟ, ಮನೆಯಲ್ಲಿ ಇದ್ದರೆ ಬಿಪಿ ಮಷಿನ್ ಮತ್ತು ತೂಕದ ಮಷಿನ್. ಜೊತೆಗೆ ಒಂದು ನೋಟ್‌ಬುಕ್.

ಹಳೆಯ ರಿಪೋರ್ಟನ್ನು ಹಗುರವಾಗಿ ನೋಡಬೇಡಿ. ಎರಡು ವರ್ಷದಿಂದ 131, 132 ಅಂತಲೇ ಇರುವವರಿಗೂ, ಹೋದ ತಿಂಗಳು 139 ಇದ್ದು ಈಗ 129ಕ್ಕೆ ಬಂದವರಿಗೂ ಚಿಕಿತ್ಸೆಯ ದಾರಿ ಬೇರೆ. ನಿಧಾನವಾಗಿ ಇಳಿದಾಗ ಮಿದುಳು ಹೊಂದಿಕೊಂಡಿರುತ್ತದೆ, ಬೇಗ ಇಳಿದಾಗ ಹೊಂದಿಕೊಂಡಿರುವುದಿಲ್ಲ. ಈ ವ್ಯತ್ಯಾಸವನ್ನು ಹಳೆಯ ಕಾಗದವೇ ತೋರಿಸಬೇಕು.

## ಹಂತ 1: ಮೂರು-ನಾಲ್ಕು ವಾರ ಮೊದಲೇ ರಕ್ತಪರೀಕ್ಷೆ ಮಾಡಿಸಿ

ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಹಂತ ಇದು. ಆಪರೇಷನ್‌ಗೆ ಒಪ್ಪಿಕೊಂಡ ದಿನವೇ "ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್, ಶುಗರ್ ಈಗಲೇ ಒಮ್ಮೆ ನೋಡಿಬಿಡೋಣವಾ?" ಅಂತ ವೈದ್ಯರನ್ನು ಕೇಳಿ. ಸೋಡಿಯಂ ಇಳಿಸಿದ ಮಾತ್ರೆಯನ್ನು ನಿಲ್ಲಿಸಿದರೂ ಸಂಖ್ಯೆ ಮೇಲೆ ಬರಲು ಕೆಲವು ದಿನ ಬೇಕು, ಕೆಲವರಿಗೆ ಎರಡು ವಾರ ಹಿಡಿಯುತ್ತದೆ. ಎರಡು ದಿನ ಮುಂಚೆ ಗೊತ್ತಾದರೆ ಅಷ್ಟು ಸಮಯ ಎಲ್ಲಿಂದ ತರುವುದು?

ಸರಿಯಾದ ಮಟ್ಟ ಲೀಟರಿಗೆ 135ರಿಂದ 145 ಮಿಲಿಮೋಲ್. ಕೆಲವು ಲ್ಯಾಬಿನವರು ಮಿಲಿಇಕ್ವಿವಲೆಂಟ್ ಅಂತ ಹಾಕುತ್ತಾರೆ. ಸೋಡಿಯಂ ಮಟ್ಟಿಗೆ ಎರಡೂ ಒಂದೇ. 130ರಿಂದ 134 ಇದ್ದರೆ ಸಣ್ಣ ಮಟ್ಟದ ಇಳಿಕೆ, 125ರಿಂದ 129 ಮಧ್ಯಮ, 125ಕ್ಕಿಂತ ಕೆಳಗೆ ತೀವ್ರ. ಆದರೆ ಸಂಖ್ಯೆಯೊಂದನ್ನೇ ನಂಬಿ ಕೂರಬಾರದು. 126 ಇದ್ದೂ ಓಡಾಡಿಕೊಂಡಿರುವವರಿದ್ದಾರೆ, 130ಕ್ಕೇ ಮಂಕಾಗುವವರಿದ್ದಾರೆ. ಸಂಖ್ಯೆ, ಇಳಿದ ವೇಗ, ಲಕ್ಷಣ ಮೂರನ್ನೂ ಸೇರಿಸಿ ನೋಡಬೇಕು.

ವಯಸ್ಸಾದವರು, ಅದರಲ್ಲೂ ತೂಕ ಕಡಿಮೆ ಇರುವ ಹೆಂಗಸರು, ಬಿಪಿಗೆ ನೀರು ಇಳಿಸುವ ಮಾತ್ರೆ ನುಂಗುವವರು, ಹೃದಯ, ಲಿವರ್ ಅಥವಾ ಕಿಡ್ನಿ ತೊಂದರೆ ಇರುವವರು ಈ ಹಂತವನ್ನು ಬಿಡಲೇಬಾರದು.

## ಹಂತ 2: ಬಂದ ಸಂಖ್ಯೆ ನಿಜವೇ ಅಂತ ಖಚಿತಪಡಿಸಿಕೊಳ್ಳಿ

ಕಡಿಮೆ ಬಂದ ಕೂಡಲೇ ಚಿಕಿತ್ಸೆಗೆ ಹೊರಡಬೇಡಿ. ಮೊದಲು ಮೂರು ವಿಷಯ ನೋಡಿ.

ಮೊದಲನೆಯದು, ರಕ್ತ ಎಲ್ಲಿಂದ ತೆಗೆದರು? ಡ್ರಿಪ್ ಹೋಗುತ್ತಿರುವ ಕೈಯಿಂದಲೇ ತೆಗೆದರೆ ಡ್ರಿಪ್ಪಿನ ನೀರು ಬೆರೆತು ಸಂಖ್ಯೆ ತಪ್ಪಾಗುತ್ತದೆ. ಇನ್ನೊಂದು ಕೈಯಿಂದ ಮತ್ತೆ ತೆಗೆಸಿ.

ಎರಡನೆಯದು, ಆ ಹೊತ್ತಿಗೆ ಶುಗರ್ ಎಷ್ಟಿತ್ತು? ಶುಗರ್ ತುಂಬಾ ಏರಿದಾಗ ಅದು ಜೀವಕೋಶಗಳಿಂದ ನೀರನ್ನು ರಕ್ತಕ್ಕೆ ಎಳೆಯುತ್ತದೆ, ಸೋಡಿಯಂ ತೆಳುವಾಗುತ್ತದೆ. 100 ಮಿಲಿಗ್ರಾಂ ದಾಟಿದ ಮೇಲೆ ಶುಗರ್ ಪ್ರತಿ 100 ಏರಿದಾಗಲೂ ಸೋಡಿಯಂ ಸುಮಾರು 1.6ರಿಂದ 2.4ರಷ್ಟು ಕಡಿಮೆ ಕಾಣುತ್ತದೆ. ಅಂದರೆ ಶುಗರ್ 400, ಸೋಡಿಯಂ 130 ಅಂತ ಬಂದವರಲ್ಲಿ ಶುಗರ್ ಇಳಿಸಿದರೆ ಸೋಡಿಯಂ 135ರ ಆಸುಪಾಸಿಗೆ ತಾನಾಗಿ ಬರಬಹುದು. ಅಂಥವರಿಗೆ ಶುಗರ್ ಹತೋಟಿಗೆ ತರುವುದೇ ಮೊದಲ ಕೆಲಸ. ಏರಿದ ಶುಗರ್ ಇಟ್ಟುಕೊಂಡು ಕೀಲು ಬದಲಿಸಿದರೆ ಸೋಂಕಿನ ಭಯವೂ ಇದೆ.

ಮೂರನೆಯದು ಅಪರೂಪದ್ದು. ಟ್ರೈಗ್ಲಿಸರೈಡ್ ಅಥವಾ ರಕ್ತದ ಪ್ರೋಟೀನ್ ವಿಪರೀತ ಜಾಸ್ತಿ ಇದ್ದರೆ ಕೆಲವು ಲ್ಯಾಬ್ ಮಷಿನ್‌ಗಳು ಸೋಡಿಯಂ ಅನ್ನು ಕಡಿಮೆ ತೋರಿಸುತ್ತವೆ. ಬ್ಲಡ್ ಗ್ಯಾಸ್ ಮಷಿನ್ನಿನಲ್ಲಿ ನೋಡಿದರೆ ನಿಜವಾದ ಸಂಖ್ಯೆ ಸಿಗುತ್ತದೆ.

## ಹಂತ 3: ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿ

ಕೀಲು ನೋವಿನವರಲ್ಲಿ ಕಾರಣ ಹೆಚ್ಚಾಗಿ ಇಲ್ಲೇ ಸಿಗುತ್ತದೆ. ಅದಕ್ಕೇ ಈ ಹಂತಕ್ಕೆ ಅರ್ಧ ಗಂಟೆ ಕೊಡಿ. "ಒಂದು ಬಿಪಿದು, ಒಂದು ನೋವಿಂದು" ಅಂತ ಬಾಯಲ್ಲಿ ಹೇಳಿದರೆ ಸಾಲದು. ಸ್ಟ್ರಿಪ್ ತಿರುಗಿಸಿ. ಹಿಂದಿನ ಬೆಳ್ಳಿ ಬಣ್ಣದ ಹಾಳೆಯ ಮೇಲೆ ಕಂಪನಿ ಇಟ್ಟ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಔಷಧದ ಹೆಸರು ಇರುತ್ತದೆ. ಬರೆದುಕೊಳ್ಳಬೇಕಾದ್ದು ಅದನ್ನೇ. ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧ ಸೇರಿರುತ್ತವೆ, ಎಲ್ಲವನ್ನೂ ಬರೆಯಿರಿ.

ಹುಡುಕಬೇಕಾದ ಹೆಸರುಗಳು ಇವು:

- ನೀರು ಇಳಿಸುವ ಬಿಪಿ ಮಾತ್ರೆಗಳು: ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್ಥಾಲಿಡೋನ್, ಇಂಡಪಮೈಡ್. ಮೊದಲು ಅನುಮಾನಿಸಬೇಕಾದ್ದು ಇವನ್ನೇ. ಬೇರೆ ಬಿಪಿ ಔಷಧದ ಜೊತೆ ಬೆರೆತು ಬರುವುದರಿಂದ ಕಣ್ಣು ತಪ್ಪುತ್ತದೆ. ಹೆಸರಿನ ತುದಿಗೆ ಎಚ್ ಅಥವಾ ಎಚ್‌ಸಿಟಿ ಅಂತ ಇದ್ದರೆ ಹೈಡ್ರೋಕ್ಲೋರೋಥಯಾಜೈಡ್ ಇದೆಯಾ ಅಂತ ನೋಡಿ.
- ಖಿನ್ನತೆ, ಆತಂಕದ ಮಾತ್ರೆಗಳು: ಎಸಿಟಾಲೋಪ್ರಾಮ್, ಸರ್ಟ್ರಲಿನ್, ಫ್ಲೂಆಕ್ಸೆಟಿನ್, ಈ ಗುಂಪಿನ ಉಳಿದವು.
- ಫಿಟ್ಸ್ ಅಥವಾ ನರದ ನೋವಿನ ಮಾತ್ರೆಗಳು: ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್.
- ನೋವಿನ ಮಾತ್ರೆಗಳು: ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದವು, ಟ್ರಮಡಾಲ್.
- ರಾತ್ರಿ ಮೂತ್ರಕ್ಕೆ ಏಳುವುದು ಕಡಿಮೆಯಾಗಲಿ ಅಂತ ಕೊಡುವ ಡೆಸ್ಮೋಪ್ರೆಸಿನ್. ವಯಸ್ಸಾದವರಲ್ಲಿ ಇದು ಸೋಡಿಯಂ ಅನ್ನು ಜೋರಾಗಿ ಇಳಿಸಬಲ್ಲದು.
- ಒಮೆಪ್ರಜೋಲ್ ಗುಂಪಿನ ಗ್ಯಾಸ್ ಮಾತ್ರೆಗಳು. ಇವುಗಳಿಂದ ಆಗುವುದು ಅಪರೂಪ, ಆದರೂ ಪಟ್ಟಿಯಲ್ಲಿರಲಿ.

ಒಂದೊಂದೇ ನೋಡಿದರೆ ಯಾವುದೂ ದೊಡ್ಡದಾಗಿ ಕಾಣುವುದಿಲ್ಲ. ತೊಂದರೆ ಕೊಡುವುದು ಇವು ಒಟ್ಟಾದಾಗ. ಮಂಡಿ ನೋವಿನ ಹಿರಿಯರೊಬ್ಬರು ಬಿಪಿಗೆ ಥಯಾಜೈಡ್ (ಪಟ್ಟಿಯ ಮೊದಲ ಸಾಲಿನ ನೀರು ಇಳಿಸುವ ಔಷಧ) ಇರುವ ಮಾತ್ರೆ ನುಂಗುತ್ತಿರುತ್ತಾರೆ. ನೋವಿಗೆ ಡೈಕ್ಲೋಫೆನಾಕ್ ಸೇರುತ್ತದೆ. ಸಾಲದಾದಾಗ ಟ್ರಮಡಾಲ್. ಓಡಾಟ ನಿಂತು ಮನಸ್ಸು ಕುಗ್ಗಿದಾಗ ಎಸಿಟಾಲೋಪ್ರಾಮ್. ನಾಲ್ಕೂ ನಾಲ್ಕು ಕಡೆಯಿಂದ ಬಂದವು, ಪ್ರತಿಯೊಂದಕ್ಕೂ ಅದರದೇ ಕಾರಣವಿತ್ತು. ನಾಲ್ಕೂ ಸೇರಿ ನೀರು ಹೊರಹಾಕುವ ಕಿಡ್ನಿಯ ಶಕ್ತಿಯನ್ನು ಕುಗ್ಗಿಸುತ್ತವೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರುವುದಿಲ್ಲ. ನಿಮ್ಮ ಪಟ್ಟಿ ಬೇಕಾಗುವುದು ಇದಕ್ಕೇ.

ಸ್ಟಿರಾಯ್ಡ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಸಂಧಿವಾತಕ್ಕೆ ತಿಂಗಳುಗಟ್ಟಲೆ ಪ್ರೆಡ್ನಿಸೋಲೋನ್ ನುಂಗಿದವರು ಅದನ್ನು ಒಮ್ಮೆಗೇ ಬಿಟ್ಟರೆ ಮೈ ತನಗೆ ಬೇಕಾದ ಸ್ಟಿರಾಯ್ಡ್ ತಯಾರಿಸಲಾಗದೆ ಸೋಡಿಯಂ ಇಳಿಯಬಹುದು, ಬಿಪಿ ಕುಸಿಯಬಹುದು. ಆಪರೇಷನ್ ಹೊತ್ತಿನಲ್ಲಿ ಇದು ಪ್ರಾಣಕ್ಕೇ ಕುತ್ತು. ಏನಿದೆ ಅಂತ ಗೊತ್ತಿಲ್ಲದ ನೋವಿನ ಪುಡಿ, ಗುಳಿಗೆಗಳಲ್ಲೂ ಸ್ಟಿರಾಯ್ಡ್ ಬೆರೆತಿರುವುದುಂಟು. ಯಾರು ಏನೇ ಕೊಟ್ಟಿರಲಿ, ಮುಚ್ಚಿಡದೆ ಹೇಳಿ.

ಇಲ್ಲಿ ಆಗುವ ತಪ್ಪು: ಪಟ್ಟಿ ಓದಿ ಮಾತ್ರೆಯನ್ನು ತಾವೇ ನಿಲ್ಲಿಸುವುದು. ಖಿನ್ನತೆಯ ಮಾತ್ರೆ, ಫಿಟ್ಸ್ ಮಾತ್ರೆ, ಸ್ಟಿರಾಯ್ಡ್ ಈ ಮೂರನ್ನೂ ಒಮ್ಮೆಗೇ ನಿಲ್ಲಿಸುವುದು ಅಪಾಯ. ಬಿಪಿ ಮಾತ್ರೆ ಬಿಟ್ಟು ಬಿಪಿ ಏರಿದರೆ ಅದೇ ಕಾರಣಕ್ಕೆ ಆಪರೇಷನ್ ಮುಂದಕ್ಕೆ ಹೋಗುತ್ತದೆ. ಪಟ್ಟಿ ನಿಮ್ಮದು, ನಿಲ್ಲಿಸುವ ತೀರ್ಮಾನ ಬರೆದುಕೊಟ್ಟ ವೈದ್ಯರದು.

## ಹಂತ 4: ಕಾರಣ ಹುಡುಕುವ ಪರೀಕ್ಷೆಗಳು, ಡ್ರಿಪ್‌ಗೆ ಮುಂಚೆ

ಮಾತ್ರೆಯೇ ಕಾರಣ ಅಂತ ಸ್ಪಷ್ಟವಾಗದಿದ್ದರೆ ವೈದ್ಯರು ರಕ್ತದ ಆಸ್ಮೊಲಾಲಿಟಿ (ಕರಗಿದ ಅಂಶಗಳಿಂದ ಅದು ಎಷ್ಟು ಗಾಢವಾಗಿದೆ ಅನ್ನುವ ಅಳತೆ), ಮೂತ್ರದ ಆಸ್ಮೊಲಾಲಿಟಿ, ಮೂತ್ರದ ಸೋಡಿಯಂ ಈ ಮೂರನ್ನು ಮಾಡಿಸುತ್ತಾರೆ. ರಕ್ತವನ್ನೂ ಮೂತ್ರವನ್ನೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಕೊಡಬೇಕು. ಸಲೈನ್ ಹಾಕುವ ಮೊದಲೇ ಕೊಡಬೇಕು. ಬಾಟಲಿ ಒಳಗೆ ಹೋದ ಮೇಲೆ ಮೂತ್ರದ ಲೆಕ್ಕವೇ ಬದಲಾಗುತ್ತದೆ, ಕಾರಣದ ಸುಳಿವು ಅಳಿಸಿಹೋಗುತ್ತದೆ. "ಮೂತ್ರ ಕೊಟ್ಟಾಯಿತಾ?" ಅಂತ ಕೇಳಿಯೇ ಡ್ರಿಪ್‌ಗೆ ಒಪ್ಪಿಕೊಳ್ಳಿ. ಮೇಲೆ ಹೇಳಿದ ತುರ್ತು ಲಕ್ಷಣಗಳಿದ್ದರೆ ಮಾತ್ರ ಈ ಮಾತು ಬೇಡ. ಆಗ ಚಿಕಿತ್ಸೆಯೇ ಮೊದಲು.

ಮೂತ್ರದ ಆಸ್ಮೊಲಾಲಿಟಿ 100ಕ್ಕಿಂತ ಕಡಿಮೆ ಇದ್ದರೆ ಕಿಡ್ನಿ ನೀರನ್ನು ಸರಿಯಾಗಿಯೇ ಹೊರಹಾಕುತ್ತಿದೆ, ಕುಡಿಯುವುದು ಅತಿಯಾಗಿದೆ ಅಥವಾ ಊಟ ತೀರಾ ಕಡಿಮೆಯಾಗಿದೆ. ಅದಕ್ಕಿಂತ ಜಾಸ್ತಿ ಇದ್ದರೆ ನೀರು ಹಿಡಿದಿಡುವ ಹಾರ್ಮೋನ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಆಗ ಮೂತ್ರದ ಸೋಡಿಯಂ ನೋಡುತ್ತಾರೆ. ಅದು 30ಕ್ಕಿಂತ ಕಡಿಮೆ ಇದ್ದರೆ ವಾಂತಿ ಭೇದಿಯಿಂದ ಮೈ ಒಣಗಿರಬಹುದು, ಇಲ್ಲವೇ ಹೃದಯ ಅಥವಾ ಲಿವರ್ ತೊಂದರೆ ಇರಬಹುದು. ಜಾಸ್ತಿ ಇದ್ದರೆ ಮಾತ್ರೆ, ಹಾರ್ಮೋನ್ ಏರುಪೇರು, ಶ್ವಾಸಕೋಶ ಅಥವಾ ಮಿದುಳಿನ ತೊಂದರೆ, ಅಪರೂಪಕ್ಕೆ ಗೆಡ್ಡೆ, ಹೀಗೆ ಹುಡುಕುತ್ತಾರೆ. ನೀರು ಇಳಿಸುವ ಮಾತ್ರೆ ನುಂಗುತ್ತಿದ್ದರೆ ಮೂತ್ರದ ಸೋಡಿಯಂ ದಾರಿ ತಪ್ಪಿಸುತ್ತದೆ, ಹಾಗಾಗಿ ಮಾದರಿ ಕೊಡುವಾಗ ಅದನ್ನು ಹೇಳಿ. ಥೈರಾಯ್ಡ್ ಮತ್ತು ಬೆಳಗಿನ ಕಾರ್ಟಿಸೋಲ್ (ಮೈ ತಾನೇ ತಯಾರಿಸುವ ಸ್ಟಿರಾಯ್ಡ್) ಪರೀಕ್ಷೆಗಳನ್ನೂ ಬರೆದುಕೊಡಬಹುದು.

## ಹಂತ 5: ಕಾರಣಕ್ಕೆ ತಕ್ಕ ಚಿಕಿತ್ಸೆ

ಒಬ್ಬರಿಗೆ ಕೊಡುವ ಚಿಕಿತ್ಸೆ ಇನ್ನೊಬ್ಬರಿಗೆ ತಿರುಗಿ ಬೀಳುತ್ತದೆ ಅನ್ನುವುದು ತಿಳಿದರೆ, ಯಾರದೋ ಅನುಭವ ಕೇಳಿ ಅದನ್ನೇ ಮಾಡುವ ಆಸೆ ನಿಲ್ಲುತ್ತದೆ.

ವಾಂತಿ ಭೇದಿಯಿಂದ ಒಣಗಿದವರಿಗೆ ಸಲೈನ್ ಬೇಕು. ಅವರಿಗೆ ನೀರು ಕಡಿಮೆ ಮಾಡಿಸಿದರೆ ಕಿಡ್ನಿಗೆ ಪೆಟ್ಟು. ಹಾರ್ಮೋನ್ ಏರುಪೇರಿನಿಂದ ನೀರು ನಿಂತವರಿಗೆ ಕುಡಿಯುವುದನ್ನು ಕಡಿಮೆ ಮಾಡಬೇಕು, ಸಾಮಾನ್ಯವಾಗಿ ದಿನಕ್ಕೆ ಒಂದು ಲೀಟರಿನ ಆಸುಪಾಸು. ಇವರಿಗೆ ಸಾದಾ ಸಲೈನ್ ಹಾಕಿದರೆ ಕಿಡ್ನಿ ಅದರ ಉಪ್ಪನ್ನು ಹೊರಹಾಕಿ ನೀರನ್ನು ಉಳಿಸಿಕೊಳ್ಳುತ್ತದೆ, ಸೋಡಿಯಂ ಇನ್ನೂ ಇಳಿಯುತ್ತದೆ. ಸಲೈನ್ ಹಾಕಿಸಿಕೊಂಡ ಮಾರನೇ ದಿನ ಸಂಖ್ಯೆ ಕೆಳಗೆ ಹೋಗುವುದು ಎಷ್ಟೋ ಸಲ ಇದರಿಂದಲೇ. ಹೃದಯ ಸೋತು ಕಾಲು ಊದಿದವರಿಗೆ ಉಪ್ಪು, ನೀರು ಎರಡನ್ನೂ ಹತೋಟಿಯಲ್ಲಿಡಬೇಕು. ಅವರಿಗೆ ಉಪ್ಪು ತಿನ್ನಿಸಿದರೆ ಉಸಿರು ಕಟ್ಟುತ್ತದೆ.

ಓಆರ್‌ಎಸ್ ಬಗ್ಗೆಯೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ ಕಲಸಿದ ಒಂದು ಲೀಟರ್ ಓಆರ್‌ಎಸ್‌ನಲ್ಲಿ 75 ಮಿಲಿಮೋಲ್ ಸೋಡಿಯಂ ಇರುತ್ತದೆ. ರಕ್ತದಲ್ಲಿ ಇರುವುದು 135ಕ್ಕಿಂತ ಜಾಸ್ತಿ. ಭೇದಿಗೆ ಅದು ಒಳ್ಳೆಯ ಮದ್ದು. ನೀರು ನಿಂತು ಸೋಡಿಯಂ ಇಳಿದವರಿಗೆ ಅದನ್ನು ಲೀಟರ್ ಗಟ್ಟಲೆ ಕುಡಿಸಿದರೆ ನೀರನ್ನೇ ಸೇರಿಸಿದ ಹಾಗಾಗುತ್ತದೆ.

ವೈದ್ಯರು ನೀರಿಗೆ ಮಿತಿ ಹೇಳಿದ್ದರೆ ಅಳತೆ ಲೋಟ ಈಗ ಬೇಕು. ಕುಡಿಯುವ ನೀರು ಮಾತ್ರ ಅಲ್ಲ. ಹಾಲು, ಚಹಾ, ಹಣ್ಣಿನ ರಸ, ಮಾತ್ರೆ ನುಂಗುವ ಗುಟುಕು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಬೆಳಿಗ್ಗೆಯೇ ದಿನದ ನೀರನ್ನು ಒಂದು ಬಾಟಲಿಗೆ ಹಾಕಿಟ್ಟು, ಬೇರೆ ಏನು ಕುಡಿದರೂ ಅಷ್ಟನ್ನು ಬಾಟಲಿಯಿಂದ ಚೆಲ್ಲಿಬಿಡಿ. ಬರೆದಿಡುವುದಕ್ಕಿಂತ ಇದು ಸುಲಭ. ಬಾಯಿ ಒಣಗಿದರೆ ಬರೀ ಮುಕ್ಕಳಿಸಿ ಉಗಿಯಿರಿ. ಊಟ ಬಿಡಬೇಡಿ. ಪ್ರೋಟೀನ್ ಮತ್ತು ಉಪ್ಪಿನ ಅಂಶ ಹೊಟ್ಟೆಗೆ ಹೋದರೆ ತಾನೇ ಕಿಡ್ನಿಗೆ ನೀರು ಹೊರಹಾಕಲು ಆಗುವುದು.

## ಹಂತ 6: ಏರುವ ವೇಗದ ಮೇಲೆ ಕಣ್ಣಿಡಿ

"ಬೇಗ ಏರಿಸಿಬಿಡಿ ಡಾಕ್ಟ್ರೇ, ಆಪರೇಷನ್ ದಿನ ತಪ್ಪಬಾರದು" ಅಂತ ಒತ್ತಾಯ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಹಳ ದಿನದಿಂದ ಕಡಿಮೆ ಇರುವ ಸೋಡಿಯಂ ಅನ್ನು ಒಮ್ಮೆಗೇ ಏರಿಸಿದರೆ ಮಿದುಳಿನ ನರಗಳ ಹೊದಿಕೆಗೆ ಹಾನಿಯಾಗುತ್ತದೆ. ಎರಡರಿಂದ ಆರು ದಿನ ಬಿಟ್ಟು ಮಾತು ತೊದಲುವುದು, ನುಂಗಲು ಕಷ್ಟ, ಕೈಕಾಲು ಬಲ ಕಳೆದುಕೊಳ್ಳುವುದು ಶುರುವಾಗುತ್ತದೆ. ಕೆಲವರಿಗೆ ಅದು ಶಾಶ್ವತವಾಗಿ ಉಳಿಯುತ್ತದೆ.

ಅದಕ್ಕೇ 24 ಗಂಟೆಗೆ 10 ಮಿಲಿಮೋಲ್ ದಾಟದಂತೆ ನೋಡಿಕೊಳ್ಳುತ್ತಾರೆ. ಮದ್ಯಪಾನದ ಚಟ, ಅಪೌಷ್ಟಿಕತೆ, ಲಿವರ್ ಕಾಯಿಲೆ, ಪೊಟ್ಯಾಸಿಯಂ ಕೊರತೆ ಇರುವವರಲ್ಲಿ ಮಿತಿ 8. ಪೊಟ್ಯಾಸಿಯಂ ಕೊಟ್ಟರೂ ಸೋಡಿಯಂ ಏರುತ್ತದೆ, ಅದೂ ಇದೇ ಲೆಕ್ಕಕ್ಕೆ ಸೇರಬೇಕು. ಇನ್ನೊಂದು ಸೂಕ್ಷ್ಮ ಇದೆ. ಕಾರಣವಾದ ಮಾತ್ರೆ ನಿಲ್ಲಿಸಿದ ಮೇಲೆ ಕೆಲವರಿಗೆ ಇದ್ದಕ್ಕಿದ್ದಂತೆ ಮೂತ್ರ ತುಂಬಾ ಹೋಗಲು ಶುರುವಾಗುತ್ತದೆ. ನಿಂತ ನೀರು ಒಮ್ಮೆಗೇ ಹೊರಗೆ ಹೋಗಿ ಸೋಡಿಯಂ ಬೇಕಾದ್ದಕ್ಕಿಂತ ವೇಗವಾಗಿ ಏರುತ್ತದೆ. ಮೊದಲೇ ತೀರಾ ಕಡಿಮೆ ಇದ್ದವರಲ್ಲಿ ಹೀಗಾದರೆ ಅದೇ ದಿನ ವೈದ್ಯರಿಗೆ ತಿಳಿಸಿ. ನಿಂತ ನೀರನ್ನು ಮೂತ್ರದಲ್ಲಿ ಹೊರಹಾಕಿಸುವ ಟಾಲ್ವಾಪ್ಟಾನ್ ಅನ್ನುವ ಮಾತ್ರೆಯನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡೇ ಶುರು ಮಾಡುವುದೂ ಈ ಭಯಕ್ಕೇ.

## ಹಂತ 7: ಮಾಡಿಸುವುದೋ, ಮುಂದೂಡುವುದೋ

ಎಲ್ಲರಿಗೂ ಹೊಂದುವ ಒಂದೇ ಗೆರೆ ಇಲ್ಲ. 130ರ ಮೇಲಿದ್ದು, ಬಹಳ ದಿನದಿಂದ ಹಾಗೇ ಇದ್ದು, ಕಾರಣ ಗೊತ್ತಿದ್ದು, ಲಕ್ಷಣ ಇಲ್ಲದಿದ್ದರೆ ಸಾಮಾನ್ಯವಾಗಿ ಮುಂದುವರಿಯುತ್ತಾರೆ. 125ಕ್ಕಿಂತ ಕೆಳಗಿದ್ದರೆ ಅಥವಾ ಮಂಕು, ವಾಲಾಡುವ ನಡಿಗೆ ಇದ್ದರೆ ನಿಲ್ಲಿಸುತ್ತಾರೆ. ನಡುವಿನದು ಅರಿವಳಿಕೆ ವೈದ್ಯರು, ಮೂಳೆ ವೈದ್ಯರು, ಫಿಸಿಷಿಯನ್ ಮೂವರೂ ಕೂತು ತೀರ್ಮಾನಿಸಬೇಕಾದ್ದು.

ಮುಂದೂಡಿದರು ಅಂತ ಬೇಸರ ಆಗುವುದು ಸಹಜ. ಆದರೆ 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ನೋಡಿ. ದೊಡ್ಡ ಆಪರೇಷನ್ ಆದ 9.6 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ಅದರಲ್ಲಿತ್ತು, ಕೀಲಿನವರಷ್ಟೇ ಅಲ್ಲ. ಮೊದಲೇ ಸೋಡಿಯಂ ಕಡಿಮೆ ಇದ್ದವರಲ್ಲಿ ಗಾಯದ ಸೋಂಕು ನೂರಕ್ಕೆ 7.4, ಸರಿಯಿದ್ದವರಲ್ಲಿ 4.6. ನ್ಯುಮೋನಿಯಾ 3.7, ಸರಿಯಿದ್ದವರಲ್ಲಿ 1.5. ತಿಂಗಳೊಳಗೆ ತೀರಿಕೊಂಡವರು 5.2, ಸರಿಯಿದ್ದವರಲ್ಲಿ 1.3. ಬೇರೆ ಕಾಯಿಲೆಗಳ ಲೆಕ್ಕ ಕಳೆದ ಮೇಲೆ ಅಂತರ ತುಂಬಾ ಕಿರಿದಾಯಿತು, ಆದರೂ ಉಳಿಯಿತು.

ಇದನ್ನು ಸರಿಯಾಗಿ ಓದಿಕೊಳ್ಳಬೇಕು. ಸಂಖ್ಯೆಯನ್ನು 135ಕ್ಕೆ ತಂದರೆ ಅಪಾಯವೂ ಅಷ್ಟೇ ಇಳಿಯುತ್ತದೆ ಅಂತ ಈ ಅಂಕಿಗಳು ಹೇಳುವುದಿಲ್ಲ. ಒಳಗೆ ಹೃದಯದ್ದೋ ಲಿವರಿನದೋ ಹಾರ್ಮೋನಿನದೋ ತೊಂದರೆ ಇದ್ದಾಗ ಸೋಡಿಯಂ ಇಳಿಯುತ್ತದೆ, ಆ ತೊಂದರೆಯೇ ಆಪರೇಷನ್ ನಂತರವೂ ಕಾಡುತ್ತದೆ. ನನ್ನ ಮಟ್ಟಿಗೆ, ಮುಂದೂಡುವುದಾದರೆ ಆ ದಿನಗಳು ಕಾರಣ ಹುಡುಕುವುದಕ್ಕೆ ಹೋಗಬೇಕು. ಸಂಖ್ಯೆ ಏರಲಿ ಅಂತ ಸುಮ್ನೆ ಕಾಯುವುದಕ್ಕಲ್ಲ. ಕೀಲು ಬದಲಿ ಕಾಯಬಲ್ಲ ಆಪರೇಷನ್. ಮುಂದೂಡುವಾಗ "ಯಾವ ಪರೀಕ್ಷೆ, ಯಾವಾಗ ಮತ್ತೆ ಬರಬೇಕು, ಅಲ್ಲಿಯವರೆಗೆ ನೋವಿಗೆ ಏನು?" ಈ ಮೂರು ಪ್ರಶ್ನೆಗೆ ಉತ್ತರ ಬರೆಸಿಕೊಂಡೇ ಎದ್ದು ಬನ್ನಿ.

## ಹಂತ 8: ಆಪರೇಷನ್ ದಿನ

ಉಪವಾಸ ಇರಬೇಕು ಅನ್ನುವ ಭಯಕ್ಕೆ ಹಿಂದಿನ ರಾತ್ರಿಯೇ ಲೀಟರ್ ಗಟ್ಟಲೆ ನೀರು ಕುಡಿದುಬಿಡುವವರಿದ್ದಾರೆ. ಬೇಡ. ಸಾಮಾನ್ಯವಾಗಿ ಎರಡು ಗಂಟೆ ಮುಂಚಿನವರೆಗೂ ತಿಳಿನೀರು ಕುಡಿಯಲು ಬಿಡುತ್ತಾರೆ, ನಿಮ್ಮ ಅರಿವಳಿಕೆ ವೈದ್ಯರು ಹೇಳಿದ ಸಮಯವೇ ಅಂತಿಮ. ಯಾವ ಮಾತ್ರೆ ಬೆಳಿಗ್ಗೆ ನುಂಗಬೇಕು, ಯಾವುದು ಬಿಡಬೇಕು ಅಂತ ಬರೆಸಿಕೊಳ್ಳಿ. ಸ್ಟಿರಾಯ್ಡ್ ನುಂಗುವವರು ಅದನ್ನು ಇನ್ನೊಮ್ಮೆ ನೆನಪಿಸಿ.

## ಹಂತ 9: ಆಪರೇಷನ್ ನಂತರದ ಮೊದಲ ಎರಡು ಮೂರು ದಿನ

ಆಪರೇಷನ್‌ಗೆ ಮುಂಚೆ 136 ಬಂತು ಅಂತ ನೆಮ್ಮದಿಯಾಗಿ ಕೂರುತ್ತೇವೆ. ಎಡವುವುದು ಇಲ್ಲೇ. ನೋವು, ವಾಕರಿಕೆ, ಗಾಯದ ಒತ್ತಡ, ಮಾರ್ಫಿನ್ ಥರದ ಔಷಧ, ಎಲ್ಲವೂ ನೀರು ಹಿಡಿದಿಡುವ ಹಾರ್ಮೋನನ್ನು ಏರಿಸುತ್ತವೆ. ಆ ಹೊತ್ತಿನಲ್ಲಿ ಒಳಗೆ ಹೋದ ನೀರು ಸುಲಭವಾಗಿ ಹೊರಬರುವುದಿಲ್ಲ. ಮೊದಲು ಸರಿಯಿದ್ದವರಿಗೂ ಸೋಡಿಯಂ ಇಳಿಯಬಹುದು.

ಹಾಗಾಗಿ ಎರಡು ಮಾತು ಕೇಳಿ. ಒಂದು, ಡ್ರಿಪ್ಪಿನಲ್ಲಿ ಏನಿದೆ? 0.9 ಪರ್ಸೆಂಟ್ ಸಲೈನ್ ಅಥವಾ ಅದಕ್ಕೆ ಹತ್ತಿರದ ದ್ರವ ಸಾಮಾನ್ಯ. ಉಪ್ಪೇ ಇಲ್ಲದ 5 ಪರ್ಸೆಂಟ್ ಡೆಕ್ಸ್‌ಟ್ರೋಸ್ (ಸಕ್ಕರೆ ನೀರು) ಅಥವಾ ಅರ್ಧ ಉಪ್ಪಿನ 0.45 ಪರ್ಸೆಂಟ್ ಸಲೈನ್ ಗಂಟೆಗಟ್ಟಲೆ ಹೋಗುತ್ತಿದ್ದರೆ "ಇವರಿಗೆ ಸೋಡಿಯಂ ಕಡಿಮೆಯಾಗಿತ್ತು" ಅಂತ ನರ್ಸ್‌ಗೆ ನೆನಪಿಸಿ. ಬೇಕೆಂದೇ ಕೊಟ್ಟಿರಬಹುದು, ಕೇಳುವುದರಲ್ಲಿ ತಪ್ಪಿಲ್ಲ ಅಲ್ವಾ. ಎರಡು, ರಕ್ತಪರೀಕ್ಷೆ ಯಾವಾಗ? ಮೊದಲೇ ಕಡಿಮೆ ಇದ್ದವರಿಗೆ ಮಾರನೇ ದಿನ ಬೆಳಿಗ್ಗೆ ಒಮ್ಮೆ, ಆಮೇಲೆ ಸ್ಥಿರವಾಗುವವರೆಗೆ ದಿನಾ ನೋಡುವುದು ಒಳ್ಳೆಯದು.

ಹಾಸಿಗೆಯ ಪಕ್ಕ ಕೂತವರು ಗಮನಿಸಬೇಕಾದ್ದು ದೊಡ್ಡ ಲಕ್ಷಣಗಳನ್ನಷ್ಟೇ ಅಲ್ಲ. ನಿನ್ನೆ ಹೆಸರು ಹಿಡಿದು ಮಾತಾಡಿಸಿದವರು ಇವತ್ತು ಮಗನನ್ನು ನೋಡಿ ಸುಮ್ಮನಿದ್ದಾರೆ. ತುತ್ತು ಬಾಯಲ್ಲಿಟ್ಟುಕೊಂಡು ಅಗಿಯುವುದನ್ನೇ ಮರೆತಿದ್ದಾರೆ. ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದಾರೆ. ಇಂಥದ್ದನ್ನು "ಅರಿವಳಿಕೆ ಇನ್ನೂ ಇಳಿದಿಲ್ಲ", "ವಯಸ್ಸಾಯ್ತಲ್ಲ" ಅಂತ ತಳ್ಳಿಹಾಕಬೇಡಿ. ಗಲಾಟೆ ಮಾಡುವ ರೋಗಿ ಎಲ್ಲರ ಕಣ್ಣಿಗೆ ಬೀಳುತ್ತಾರೆ. ಸುಮ್ಮನೆ ಮಂಕಾಗಿ ಮಲಗಿದವರು ಯಾರ ಕಣ್ಣಿಗೂ ಬೀಳುವುದಿಲ್ಲ. ನಿನ್ನೆಯ ಹಾಗಿಲ್ಲ ಅಂತ ಹೇಳಬಲ್ಲವರು ಮನೆಯವರೇ. ಅದಕ್ಕೆ ಸೋಡಿಯಂ ಒಂದೇ ಕಾರಣ ಇರಲಿಕ್ಕಿಲ್ಲ. ಸೋಂಕು, ಆಮ್ಲಜನಕದ ಕೊರತೆ, ಮೂತ್ರ ಕಟ್ಟುವುದು, ನೋವಿನ ಔಷಧ ಎಲ್ಲವನ್ನೂ ವೈದ್ಯರು ನೋಡುತ್ತಾರೆ.

ಮೊದಲ ಸಲ ವಾಕರ್ ಹಿಡಿದು ನಿಲ್ಲುವ ಹೊತ್ತಿಗೂ ಇದಕ್ಕೂ ನಂಟಿದೆ. ಸೋಡಿಯಂ ಸ್ವಲ್ಪವೇ ಕಡಿಮೆ ಇದ್ದರೂ ನಡಿಗೆಯ ಹಿಡಿತ ತಪ್ಪುತ್ತದೆ, ಗಮನ ಕುಂದುತ್ತದೆ, ಬೀಳುವ ಸಾಧ್ಯತೆ ಜಾಸ್ತಿ. ಹೊಸ ಕೀಲಿನ ಮೇಲೆ ಬಿದ್ದರೆ ಕೀಲು ಜಾರಬಹುದು, ಅದರ ಸುತ್ತಲಿನ ಮೂಳೆ ಮುರಿಯಬಹುದು. ಸೋಡಿಯಂ ಕಡಿಮೆ ಇದೆ ಅಂತ ಫಿಸಿಯೋಥೆರಪಿಯವರಿಗೂ ಹೇಳಿ. ಒಬ್ಬರ ಬದಲು ಇಬ್ಬರು ಹಿಡಿದುಕೊಳ್ಳಲಿ.

## ಹಂತ 10: ಡಿಸ್ಚಾರ್ಜ್ ಮತ್ತು ಮನೆ

ಡಿಸ್ಚಾರ್ಜ್ ಕಾಗದದಲ್ಲಿ ಕೊನೆಯ ಸೋಡಿಯಂ ಎಷ್ಟು, ಯಾವ ಮಾತ್ರೆ ನಿಲ್ಲಿಸಿದ್ದಾರೆ, ಅದರ ಬದಲು ಏನು ಕೊಟ್ಟಿದ್ದಾರೆ, ಮುಂದಿನ ಪರೀಕ್ಷೆ ಯಾವಾಗ, ಈ ನಾಲ್ಕು ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲೇ ಬರೆಸಿಕೊಳ್ಳಿ.

ಮನೆಗೆ ಬಂದ ದಿನವೇ ಹಳೆಯ ಮಾತ್ರೆ ಡಬ್ಬಿ ಖಾಲಿ ಮಾಡಿ. ಥಯಾಜೈಡ್ ನಿಲ್ಲಿಸಿ ಬಂದವರು ಡಬ್ಬಿಯಲ್ಲಿ ಉಳಿದ ಹಳೇ ಸ್ಟ್ರಿಪ್ಪನ್ನು ಅಭ್ಯಾಸಬಲದಿಂದ ಮತ್ತೆ ನುಂಗುವುದು ಆಗಾಗ ಆಗುವ ತಪ್ಪು. ಒಮ್ಮೆ ಅದರಿಂದ ಸೋಡಿಯಂ ಇಳಿದವರಿಗೆ ಮತ್ತೆ ನುಂಗಿದರೆ ಮತ್ತೆ ಇಳಿಯುವ ಸಂಭವ ಜಾಸ್ತಿ. ಆ ಔಷಧದ ಹೆಸರನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ, ಯಾವ ವೈದ್ಯರ ಹತ್ತಿರ ಹೋದರೂ ತೋರಿಸಿ. ಬಿಪಿಯನ್ನು ಮನೆಯಲ್ಲೇ ನೋಡಿ ಬರೆಯುತ್ತಿರಿ, ಬದಲಿ ಮಾತ್ರೆ ಸಾಲುತ್ತಿದೆಯಾ ಅಂತ ಅದರಿಂದಲೇ ಗೊತ್ತಾಗುವುದು.

"ಆಪರೇಷನ್ ಆಗಿದೆ, ಚೆನ್ನಾಗಿ ನೀರು ಕುಡಿ" ಅಂತ ಬಂದವರೆಲ್ಲ ಹೇಳುತ್ತಾರೆ. ಮಿತಿ ಹೇಳಿದ್ದರೆ ಆ ಮಿತಿ, ಇಲ್ಲದಿದ್ದರೆ ಬಾಯಾರಿಕೆಯಾದಷ್ಟು. ಒತ್ತಾಯದ ನೀರು ಬೇಡ. ನೋವು ಜಾಸ್ತಿಯಾಯಿತು ಅಂತ ಹಳೆಯ ಡೈಕ್ಲೋಫೆನಾಕ್, ಟ್ರಮಡಾಲ್ ತಾವಾಗಿ ಸೇರಿಸಿಕೊಳ್ಳುವುದೂ ಬೇಡ. ಫೋನ್ ಮಾಡಿ ಕೇಳಿ.

ಮಾತ್ರೆ ಬದಲಾಗಿದ್ದರೆ ಒಂದು ವಾರಕ್ಕೆ ಸೋಡಿಯಂ ನೋಡಿಸಿ, ಹೊಲಿಗೆ ತೆಗೆಸಲು ಹೋದಾಗ ಇನ್ನೊಮ್ಮೆ. ವಾಕರಿಕೆ, ತಲೆನೋವು, ಮಂಕು, ನಡೆಯುವಾಗ ವಾಲುವುದು ಇವುಗಳಲ್ಲಿ ಯಾವುದು ಕಂಡರೂ ಹೇಳಿದ ದಿನದವರೆಗೆ ಕಾಯದೆ ಅವತ್ತೇ ಪರೀಕ್ಷೆ ಮಾಡಿಸಿ. ಇನ್ನೊಂದು ಕಾಲಿನ ಆಪರೇಷನ್ ಬಾಕಿ ಇದ್ದರೆ ಈ ನೋಟ್‌ಬುಕ್ಕನ್ನು ಹಾಗೇ ತೆಗೆದಿಡಿ. ಹಂತ 1 ಅಲ್ಲಿಂದಲೇ ಶುರುವಾಗುತ್ತದೆ.